ಹೊಂದಿಕೊಳ್ಳಲಾಗದ ಅಪ್ಪನಿಗೆ ಪಿಂಚಣಿ ಕೇಳಿದ್ದು

ಒಂದು ನಿಮಿಷ ಇರಿ. ಇದರಲ್ಲಿ ಒಬ್ಬ ಹುಡುಗ ಬರುತ್ತಾನೆ. ಇಸ್ತ್ರಿ ಮಾಡಿದ ಅಂಗಿ, ಯಾರದೋ ಬೈಕು, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಅವನು ಬರುವುದು ತಡವಾಗುತ್ತದೆ, ಅಲ್ಲಿಯವರೆಗೆ ಎದ್ದು ಹೋಗಬೇಡಿ. ಅವನು ಬಂದು ಹೋದ ಮೇಲೆ ಆದದ್ದನ್ನು ಹೇಳಬೇಕೆಂದೇ ನಾನು ಇವತ್ತು ಬರೆಯಲು ಕೂತಿದ್ದೇನೆ. ಬರೆಯಲು ಎಂದರೆ ಟೈಪ್ ಮಾಡಲು. ಪೆನ್ನು ಹಿಡಿದರೆ ನನಗೆ ಯೋಚನೆ ನಿಂತುಹೋಗುತ್ತದೆ. ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಮಾತಾಡಿದ ಹಾಗೆ ಬರುತ್ತದೆ, ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ವಿಷಯ ಇಷ್ಟು. ಜೊತೆಗೆ ಕೆಲಸ ಮಾಡುವವರೊಂದಿಗೆ ಹೊಂದಿಕೊಂಡು ಹೋಗಲು ಆಗದಿದ್ದರೆ ಅದನ್ನು ಅಂಗವೈಕಲ್ಯ ಎಂದು ಒಪ್ಪುತ್ತಾರಾ? ಕೈಕಾಲು ಗಟ್ಟಿ ಇದೆ, ಕಣ್ಣು ಕಿವಿ ಸರಿ ಇದೆ, ಬರೆದ ಟಿಪ್ಪಣಿಯಲ್ಲಿ ಒಂದು ತಪ್ಪು ಹುಡುಕಿದರೂ ಸಿಗುವುದಿಲ್ಲ. ಜನ ಮಾತ್ರ ಆಗುವುದಿಲ್ಲ. ಇಂಥವರಿಗೆ ಪಿಂಚಣಿಯೋ, ಸವಲತ್ತೋ, ಏನಾದರೂ ಉಂಟಾ? ಈ ಪ್ರಶ್ನೆ ಇಟ್ಟುಕೊಂಡು ನಾನು ಹಾಸನಕ್ಕೂ ಹೊಳೆನರಸೀಪುರಕ್ಕೂ ಓಡಾಡಿದ್ದು ನಮ್ಮಪ್ಪನಿಗಾಗಿ.

ಅಪ್ಪ ಮಲ್ಲಿಪಟ್ಟಣದ ಕಡೆಯವರು. ಬೇಸಾಯದ ಮನೆ. ಆ ಮನೆಯಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದ ಮೊದಲನೆಯವರು, ಅದೂ ತಡವಾಗಿ, ವಯಸ್ಸಿನ ಮಿತಿ ಮುಗಿಯುವ ಹೊತ್ತಿಗೆ. ಗುಮಾಸ್ತೆ ಕೆಲಸ. ಇಲಾಖೆ ಯಾವುದು ಎಂದು ಹೇಳುವುದಿಲ್ಲ, ಎಲ್ಲ ಇಲಾಖೆಯಲ್ಲೂ ಮೇಜು ಕುರ್ಚಿ ಒಂದೇ ಥರ ಇರುತ್ತವೆ. ಮೊದಲು ಅರಕಲಗೂಡು, ಆಮೇಲೆ ಚನ್ನರಾಯಪಟ್ಟಣ, ಕೊನೆಗೆ ಹೊಳೆನರಸೀಪುರ. ಬೇರೆಯವರಿಗೆ ವರ್ಗಾವಣೆ ಆಗುವುದು ಆಡಳಿತದ ಅಗತ್ಯದಿಂದ. ನಮ್ಮಪ್ಪನಿಗೆ ಆಗುತ್ತಿದ್ದದ್ದು ಅಲ್ಲಿದ್ದವರಿಗೆ ಸಾಕಾಗಿ.

ಅರಕಲಗೂಡಿನ ಆಫೀಸಿನಲ್ಲಿ ಒಂದು ರೂಢಿ ಇತ್ತು. ಹನ್ನೊಂದು ಗಂಟೆಗೆ ಟೀ ಬರುತ್ತದೆ, ದಿನಕ್ಕೊಬ್ಬರು ಎಲ್ಲರಿಗೂ ಕೊಡಿಸುತ್ತಾರೆ, ಎಲ್ಲರೂ ಕೆಲಸ ನಿಲ್ಲಿಸಿ ಒಟ್ಟಿಗೆ ಕುಡಿಯುತ್ತಾರೆ. ಅಪ್ಪ ತಮ್ಮ ಸರದಿ ಬಂದಾಗ ತಪ್ಪದೆ ಕೊಡಿಸುತ್ತಿದ್ದರು. ಆದರೆ ಲೋಟ ಹಿಡಿದು ಹೊರಗೆ ಹೊಂಗೆ ಮರದ ಕೆಳಗೆ ಹೋಗಿ ಒಬ್ಬರೇ ಕುಡಿದು ಬರುತ್ತಿದ್ದರು. ಇದರಿಂದ ಆದ ರಾದ್ಧಾಂತ ನಿಮಗೆ ಊಹೆ ಆಗಬಹುದು. ಒಬ್ಬರು ಇವನಿಗೆ ಜಾತಿ ಅಡ್ಡ ಬರುತ್ತದೆ ಎಂದರು, ಇನ್ನೊಬ್ಬರು ಜಮೀನಿನ ಕೊಬ್ಬು ಎಂದರು. ಅಪ್ಪ ತಮ್ಮ ಮೇಜನ್ನು ಎಳೆದು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತರು. ಅಲ್ಲಿಂದ ಮುಂದೆ ಯಾವ ಊರಿಗೆ ಹೋದರೂ ಅಪ್ಪ ಮಾಡುತ್ತಿದ್ದ ಮೊದಲ ಕೆಲಸ ಅದೇ. ಚನ್ನರಾಯಪಟ್ಟಣದಲ್ಲಿ ಅವರಿಗೆ ಗೋಡೆ ಸಾಹೇಬರು ಎಂದು ಹೆಸರಿಟ್ಟಿದ್ದರು. ಅಲ್ಲಿ ಯಾರೋ ಒಬ್ಬರು ತಮಾಷೆಗೆ ಹಿಂದಿನಿಂದ ಬಂದು ಬೆನ್ನಿಗೆ ಬಡಿದರಂತೆ. ಅಪ್ಪ ತಿರುಗಿ ತಳ್ಳಿದರು. ಆತ ಸ್ಟೂಲಿನ ಮೇಲೆ ಬಿದ್ದು, ಸ್ಟಾಂಪ್ ಪ್ಯಾಡಿನ ನೀಲಿ ಬಣ್ಣವೆಲ್ಲ ಬಿಳಿ ಪಂಚೆಗೆ. ಅಪ್ಪನಿಗೆ ನೋಟಿಸು ಬಂತು, ಹಿಂದೆಯೇ ವರ್ಗಾವಣೆಯೂ ಬಂತು.

ಇದೆಲ್ಲ ತೊಂಬತ್ತರ ದಶಕ. ಹೊಳೆನರಸೀಪುರಕ್ಕೆ ಬಂದ ಮೇಲೆ ನಾನು ದೊಡ್ಡವಳಾಗಿದ್ದೆ, ಎಲ್ಲ ಕಣ್ಣಾರೆ ನೋಡಿದ್ದೇನೆ. ಬೆಳಗ್ಗೆ ಎದ್ದ ತಕ್ಷಣ ಅಪ್ಪನಿಗೆ ಹೊಟ್ಟೆಯಲ್ಲಿ ಕಲಸಲು ಶುರುವಾಗುತ್ತಿತ್ತು. ಅಂಗಿ ಹಾಕುವುದು, ಬಿಚ್ಚುವುದು, ಇನ್ನೊಂದು ಹಾಕುವುದು. ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋಗಿ ಮತ್ತೆ ಬಚ್ಚಲಿಗೆ. ನಮ್ಮವ್ವ ಒಲೆ ಮುಂದೆ ಕೂತೇ ಹೇಳುತ್ತಿದ್ದಳು.

“ನೋಡವ್ವ ನಿಮ್ಮಪ್ಪನ. ಆಪೀಸಿಗೆ ಓಯ್ತಾವ್ರೋ ಗಲ್ಲಿಗೆ ಓಯ್ತಾವ್ರೋ.”

ಸಂಜೆ ಬಂದ ಮೇಲೂ ಕೂರುತ್ತಿರಲಿಲ್ಲ. ಜಗುಲಿಯ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ಆಮೇಲೆ ಹೊಳೆ ಸೇತುವೆಯವರೆಗೆ ಹೋಗಿ ಬರುತ್ತಿದ್ದರು. ನಾವು ಊಟಕ್ಕೆ ಕೂತರೆ ಪಾತ್ರೆ ತಾಗಿಸದ ಹಾಗೆ ಬಡಿಸುವುದನ್ನು ಅವ್ವ ಕಲಿತುಬಿಟ್ಟಿದ್ದಳು. ಸದ್ದು ಸಹಿಸಲು ಆಗುತ್ತಿರಲಿಲ್ಲ ಅಪ್ಪನಿಗೆ. ಯಾವ ಸದ್ದು ಎಂದರೆ ಮಳೆಯದಲ್ಲ, ಬಸ್ಸಿನದಲ್ಲ. ಮನುಷ್ಯರು ಹತ್ತಿರ ಕೂತು ಮಾಡುವ ಸಣ್ಣ ಸಣ್ಣ ಸದ್ದು. ಪಕ್ಕದ ಮೇಜಿನಲ್ಲಿ ಯಾರಾದರೂ ಪೆನ್ನು ಕುಟ್ಟುವುದು, ಲೊಚಗುಟ್ಟುವುದು, ಹಾಡು ಗುನುಗುವುದು.

ಹೊಳೆನರಸೀಪುರದ ಆಫೀಸಿನಲ್ಲಿ ಅಪ್ಪನ ಪಕ್ಕದ ಮೇಜಿನವರು ಒಬ್ಬ ಮೇಡಂ. ನಮ್ಮ ಕಡೆಯವರೇ, ಬಾಯಿ ಜೋರು, ಮನಸ್ಸು ಒಳ್ಳೆಯದು. ಎರಡು ಕೈಗೂ ಡಜನ್‌ಗಟ್ಟಲೆ ಗಾಜಿನ ಬಳೆ. ಬರೆಯುವಾಗ ಬಳೆ ಮೇಜಿಗೆ ತಾಗುತ್ತದೆ, ತಾಗದೆ ಇರುತ್ತದೆಯೇ? ಅಪ್ಪ ಎಷ್ಟು ದಿನ ತಡೆದಿದ್ದರೋ ಏನೋ, ಒಂದು ದಿನ ಎದ್ದು ನಿಂತು ಎಲ್ಲರ ಮುಂದೆ, ಆ ಬಳೆ ತೆಗೆದಿಟ್ಟು ಬರೆಯಿರಿ ಎಂದು ಕೂಗಿಬಿಟ್ಟರು. ಮುತ್ತೈದೆಗೆ ಬಳೆ ತೆಗೆ ಎನ್ನುವುದು ಎಂದರೆ ಏನು ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಆಕೆ ಅತ್ತರು, ರಜೆ ಹಾಕಿ ಮನೆಗೆ ಹೋದರು, ಅವತ್ತೇ ಹೋಗಿ ಅಂಬಾ ದೇವಸ್ಥಾನದ ಮುಂದಿನ ಅಂಗಡಿಯಲ್ಲಿ ಇನ್ನಷ್ಟು ಬಳೆ ತೊಡಿಸಿಕೊಂಡು ಬಂದರು. ಮಾತು ನಿಂತುಹೋಯಿತು. ಹೆಡ್ ಗುಮಾಸ್ತರು ಊರಿನ ಹಳೇ ದೇವಸ್ಥಾನದ ಬೀದಿಯವರು, ಯಾರ ಜೊತೆಗೂ ಜಗಳ ಇಟ್ಟುಕೊಳ್ಳದವರು. ಅವರೂ ಅಪ್ಪನ ಜೊತೆ ಕಾಗದದ ಮೂಲಕವೇ ವ್ಯವಹಾರ ಮಾಡತೊಡಗಿದರು.

ಆಮೇಲೆ ಅಪ್ಪ ಆಫೀಸಿಗೆ ಹೋಗುತ್ತೇನೆ ಎಂದು ಟಿಫನ್ ಡಬ್ಬಿ ಹಿಡಿದು ಹೊರಟು ರೈಲ್ವೆ ಸ್ಟೇಷನ್ನಿಗೆ ಹೋಗಿ ಕೂರಲು ಶುರು ಮಾಡಿದರು. ಅಲ್ಲಿ ಕಲ್ಲು ಬೆಂಚಿನ ಮೇಲೆ ಕೂತರೆ ಅವರಿಗೆ ಏನೂ ಆಗುತ್ತಿರಲಿಲ್ಲ. ರೈಲು ಬರುತ್ತದೆ, ಹೋಗುತ್ತದೆ, ಯಾರೂ ಬೆನ್ನು ತಟ್ಟುವುದಿಲ್ಲ. ಸಂಬಳ ಕಡಿತವಾಗಿ ಬಂದಾಗ ಮನೆಯಲ್ಲಿ ಗೊತ್ತಾಯಿತು. ಅವ್ವ ಕೇಳುವ ಮೊದಲೇ ಅಪ್ಪನೇ ಹೇಳಿದರು.

“ರಾಜೀನಾಮೆ ಕೊಟ್ಬುಡ್ತೀನಿ. ನನ್ ಕೈಲಿ ಆಯ್ತಿಲ್ಲ.”

ಕೊಟ್ಟರೆ ಆಯಿತು ಎನ್ನುವ ಹಾಗಿರಲಿಲ್ಲ. ತಡವಾಗಿ ಸೇರಿದ್ದರಿಂದ ಸ್ವಯಂ ನಿವೃತ್ತಿಗೆ ಬೇಕಾದಷ್ಟು ಸರ್ವೀಸು ಆಗಿರಲಿಲ್ಲ. ರಾಜೀನಾಮೆ ಕೊಟ್ಟವರಿಗೆ ಪಿಂಚಣಿ ಇಲ್ಲ. ಊರಿನ ಜಮೀನು ಅಣ್ಣತಮ್ಮಂದಿರಲ್ಲಿ ಹಂಚಿ ಅಪ್ಪನ ಪಾಲಿಗೆ ಉಳಿದದ್ದರಲ್ಲಿ ರಾಗಿ ಬೆಳೆದುಕೊಂಡು ಮೂವರು ಬದುಕುವುದು ಕನಸು. ಅಪ್ಪನಿಗೂ ಗೊತ್ತು. ಗೊತ್ತಿದ್ದೂ ಆ ಮಾತು ದಿನಾ ಬರುತ್ತಿತ್ತು, ಪ್ರತಿಸಲವೂ ಸ್ವಲ್ಪ ಗಟ್ಟಿಯಾಗಿ.

ಇಲ್ಲಿ ನಾನು ಬರುತ್ತೇನೆ. ಡಿಗ್ರಿ ಮುಗಿಸಿ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಟೈಪಿಂಗ್ ಯಾರೂ ಕಲಿಸಿದ್ದಲ್ಲ, ನಾನೇ ಕಲಿತದ್ದು. ಅರ್ಜಿ, ಮೇಲ್ಮನವಿ, ಸುತ್ತೋಲೆಯ ಪ್ರತಿ, ಎಲ್ಲ ನನ್ನ ಕೈಮೇಲೆ ಹೋಗುತ್ತಿತ್ತು. ನನಗೊಂದು ಚಟ. ಟೈಪ್ ಮಾಡುವುದನ್ನು ಓದುತ್ತೇನೆ. ಓದಿದ್ದು ಅರ್ಥವಾಗದಿದ್ದರೆ ಗ್ರಂಥಾಲಯಕ್ಕೆ ಹೋಗಿ ಹುಡುಕುತ್ತೇನೆ. ಅರ್ಧ ಗೊತ್ತಾದ ಕೂಡಲೇ ಪೂರ್ತಿ ಗೊತ್ತಾಯಿತು ಎಂದು ಕುಣಿಯುತ್ತೇನೆ. ಹಾಗೆ ಒಂದು ದಿನ ಯಾರದೋ ಕಾಗದದಲ್ಲಿ ಸಿಕ್ಕಿತು: ಕಾಯಿಲೆಯಿಂದ ಕೆಲಸ ಮಾಡಲಾಗದ ನೌಕರನಿಗೆ ವೈದ್ಯರ ಬೋರ್ಡು ಬರೆದುಕೊಟ್ಟರೆ ಅವಧಿಗೆ ಮುಂಚೆಯೇ ಅಶಕ್ತತೆಯ ಪಿಂಚಣಿ. ಅಂಗವಿಕಲರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ ಎನ್ನುವುದು ಇನ್ನೊಂದು ಕಡೆ ಸಿಕ್ಕಿತು. ಎರಡನ್ನೂ ಗಂಟು ಹಾಕಿಕೊಂಡು ಮನೆಗೆ ಓಡಿಬಂದೆ.

ಅಪ್ಪ ಜಗುಲಿಯಲ್ಲಿ ತಿರುಗುತ್ತಿದ್ದವರು ನಿಂತರು.

“ಅಂಗಂದ್ರೆ, ನಂಗೆ ತಲೆ ಸರಿ ಇಲ್ಲ ಅಂತ ಬರಸ್ಬೇಕು. ಅಲ್ವಾ ಮಗ?”

ಹಾಗಲ್ಲ ಅಪ್ಪ, ಹೀಗೆ ಎಂದು ನಾನು ವಿವರಿಸಲು ಹೋದೆ. ಅವ್ವ ಒಳಗಿನಿಂದ ಬಂದವಳು ಅಪ್ಪನ ವಿಷಯಕ್ಕೆ ಹೋಗಲೇ ಇಲ್ಲ.

“ಅದ್ಕೆ ಮುಂಚೆ ನಿನ್ ಮದ್ವೆ ಮಾಡ್ಬುಡ್ತೀನಿ ಸುಮ್ಕಿರು. ಅಪ್ಪ ಇಂಗಂತೆ ಅಂತ ಗೊತ್ತಾದ್ರೆ ಯಾವನ್ ಬತ್ತಾನೆ ನಮ್ಮನೆ ಬಾಗ್ಲಿಗೆ?”

ಆಗ ನನಗೆ ಸಂಬಂಧ ಹುಡುಕುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಬೇಕಾಗುತ್ತದೆ.

ಕೊನೆಗೆ ಹೋದೆವು. ಹಾಸನದ ದೊಡ್ಡಾಸ್ಪತ್ರೆಗೆ ಹೊರಡುವ ದಿನ ಅವ್ವ ಅಪ್ಪನಿಗೆ ಎಣ್ಣೆ ನೀರು ಹಾಕಿ, ಮದುವೆ ಮನೆಗೆ ಹಾಕುವ ಬಿಳಿ ಅಂಗಿ ತೊಡಿಸಿ, ಹಣೆಗೆ ವಿಭೂತಿ ಇಟ್ಟು ಹೊರಡಿಸಿದಳು. ದೊಡ್ಡವರ ಮುಂದೆ ಮರ್ಯಾದೆಯಾಗಿ ನಡೆದುಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಹೇಳಿದಳು. ಕಾಯಿಲೆ ಇದೆ ಎಂದು ತೋರಿಸಲು ಹೋಗುವವರನ್ನು ಹೀಗೆ ಸಿಂಗಾರ ಮಾಡಿ ಕರೆದೊಯ್ಯುವುದು ನಮ್ಮ ಕಡೆಯವರಿಗೆ ಮಾತ್ರ ಗೊತ್ತು. ಅಪ್ಪ ಡಾಕ್ಟರ ಮುಂದೆ ಕೈ ಕಟ್ಟಿ ನಿಂತು, ಕೂರಿ ಎಂದ ಮೇಲೆ ಕೂತು, ಕೇಳಿದ್ದಕ್ಕೆಲ್ಲ ಮೆಲ್ಲಗೆ ಉತ್ತರ ಕೊಟ್ಟರು. ನಿದ್ದೆ? ಬರುತ್ತದೆ ಸಾ, ಸ್ವಲ್ಪ ಕಮ್ಮಿ. ಊಟ? ಮಾಡ್ತೀನಿ ಸಾ. ಜಗಳ? ಇಲ್ಲ ಸಾ, ಅವರೆಲ್ಲ ಒಳ್ಳೆಯವರೇ, ನನಗೇ ಆಗಲ್ಲ. ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಬೆಳಗಿನ ಹೊಟ್ಟೆ ತೊಳಸುವುದು, ಸ್ಟೇಷನ್ ಬೆಂಚು, ಬಳೆ, ಎಲ್ಲ ನಾನೇ ಮಧ್ಯೆ ಬಾಯಿ ಹಾಕಿ ಹೇಳಿದೆ.

ಡಾಕ್ಟರು ತಾಳ್ಮೆಯವರು. ನನ್ನ ಗಂಟನ್ನು ಬಿಚ್ಚಿ ಎರಡು ಮಾಡಿದರು. ಅಂಗವೈಕಲ್ಯದ ಸರ್ಟಿಫಿಕೇಟೇ ಬೇರೆ, ಪಿಂಚಣಿಯೇ ಬೇರೆ. ಸರ್ಟಿಫಿಕೇಟಿಗೆ ಅವರು ನಾಲ್ಕು ವಿಷಯ ನೋಡುತ್ತಾರೆ: ಸ್ನಾನ ಊಟ ಬಟ್ಟೆಯನ್ನು ತಾನೇ ನೋಡಿಕೊಳ್ಳುವುದು, ಜನರ ಜೊತೆ ಇರುವುದು, ಮಾತು ಮತ್ತು ತಿಳಿವಳಿಕೆ, ಆಮೇಲೆ ದುಡಿಮೆ. ಎಷ್ಟು ವರ್ಷದಿಂದ ಕಾಯಿಲೆ ಇದೆ ಎನ್ನುವುದನ್ನೂ ಸೇರಿಸಿ ತೂಗುತ್ತಾರೆ. ಜನರ ಜೊತೆ ಆಗುವುದಿಲ್ಲ ಎನ್ನುವುದು ನಾಲ್ಕರಲ್ಲಿ ಒಂದು, ಅದೊಂದರಿಂದಲೇ ತಕ್ಕಡಿ ಏಳುವುದಿಲ್ಲ. ಪಿಂಚಣಿಯಂತೂ ಇನ್ನೂ ಕಷ್ಟ. ಇನ್ನು ಮುಂದೆ ಈ ಮನುಷ್ಯನಿಂದ ಕೆಲಸ ಆಗುವುದೇ ಇಲ್ಲ ಎಂದು ಬೋರ್ಡು ಬರೆಯಬೇಕು.

ಆದರೂ ಅವರು ಬಾಗಿಲು ಹಾಕಲಿಲ್ಲ. ಆಫೀಸಿನಲ್ಲಿ ನಿಜವಾಗಿ ಹೇಗಿರುತ್ತಾರೆ ಎಂದು ಅಲ್ಲಿಯವರನ್ನೇ ಕೇಳಿ ತಿಳಿದುಕೊಳ್ಳಬೇಕು, ಅದು ನಾವು ಅಂದುಕೊಂಡಿದ್ದಕ್ಕಿಂತ ಕೆಟ್ಟದಾಗಿದ್ದರೆ ಬೋರ್ಡಿನ ಮುಂದೆ ಇಡಬಹುದು ಎಂದರು. ನನಗೆ ಕುಣಿಯುವಂತಾಯಿತು. ಆಫೀಸಿನಲ್ಲಿ ಕೇಳಿದರೆ ಸಾಕಲ್ಲ. ಮೂರು ಊರಿನ ಆಫೀಸಿನವರು ಒಂದೊಂದು ಮಾತು ಆಡಿದರೂ ಪುಸ್ತಕ ಆಗುತ್ತಿತ್ತು. ಅಷ್ಟರಲ್ಲಿ ಅವ್ವ ಸೆರಗು ಹಿಡಿದು ಎದ್ದು ನಿಂತಳು.

“ಕೇಳಿ ಸಾ, ಬ್ಯಾಡ ಅನ್ನಕಿಲ್ಲ. ಆದ್ರೆ ಆಸ್ಪತ್ರೆಯೋರು ಅಂತ ಯೋಳ್ಬ್ಯಾಡಿ. ಮನೇಲಿ ಹೆಣ್ ಮಗ ಅವ್ಳೆ.”

ಡಾಕ್ಟರು ಒಪ್ಪಿಕೊಂಡರು. ಯಾರ ಕಾಯಿಲೆಯ ವಿಷಯವನ್ನೂ ಹೊರಗೆ ಹೇಳುವುದು ನಮಗೂ ಸರಿಯಲ್ಲ ತಾಯಿ ಎಂದರು.

ಈಗ ಹುಡುಗ ಬರುತ್ತಾನೆ.

ಸಮಾಜಕಾರ್ಯ ಓದುತ್ತಿದ್ದವನು, ಆಸ್ಪತ್ರೆಗೆ ಟ್ರೈನಿಂಗಿಗೆ ಬಂದಿದ್ದವನು, ಡಾಕ್ಟರು ವಿಚಾರಿಸಲು ಕಳಿಸಿದ್ದು ಅವನನ್ನೇ. ಅವನು ಆಫೀಸಿಗೆ ಬಂದಾಗ ಅಪ್ಪ ಸ್ಟೇಷನ್ ಬೆಂಚಿನ ಮೇಲಿದ್ದರು, ನಾನು ಅಂಗಡಿಯಲ್ಲಿದ್ದೆ. ಹಾಗಾಗಿ ನಾನು ಅವನನ್ನು ನೋಡಲಿಲ್ಲ. ನನಗೆ ಸುದ್ದಿ ತಂದದ್ದು ಬಳೆ ಮೇಡಂ. ಅಪ್ಪನ ಜೊತೆ ಮಾತು ಬಿಟ್ಟ ಮೇಲೆ ನಮ್ಮ ಅಂಗಡಿಯ ಮೆಟ್ಟಿಲನ್ನೂ ತುಳಿಯದಿದ್ದವರು, ಆ ಮಧ್ಯಾಹ್ನ ಬಿಸಿಲಲ್ಲಿ ರಸ್ತೆ ದಾಟಿಕೊಂಡು ಬಂದು ನನ್ನ ಕೆನ್ನೆ ಹಿಂಡಿದರು.

“ಏನೇ ಕಳ್ಳಿ, ನಮ್ಗೆ ಯೋಳ್ದೇನೆ ಗಂಡು ಗೊತ್ ಮಾಡ್ಕಂಡಿದೀಯ?”

ನನಗೆ ಅರ್ಥವಾಗಲಿಲ್ಲ. ಮೇಡಂ ಸ್ಟೂಲು ಎಳೆದುಕೊಂಡು ಕೂತು ಹೇಳಿದರು. ಹಾಸನದಿಂದ ಒಬ್ಬ ಹುಡುಗ ಬಂದಿದ್ದ. ಬಹಳ ಮರ್ಯಾದಸ್ಥ. ಇಂಥವರ ಬಗ್ಗೆ ಸ್ವಲ್ಪ ವಿಚಾರಿಸಬೇಕಿತ್ತು ಎಂದ. ಯಾರು, ಎಲ್ಲಿಂದ ಎಂದು ಹೆಡ್ ಗುಮಾಸ್ತರು ಕೇಳಿದರೆ, ಅದು ಈಗ ಬೇಡ ಸಾರ್, ಆಮೇಲೆ ಗೊತ್ತಾಗುತ್ತದೆ ಎಂದು ನಾಚಿಕೊಂಡ. ಸ್ವಭಾವ ಹೇಗೆ, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಾರಾ, ಕೋಪ ಉಂಟಾ, ಮನೆಯಲ್ಲಿ ಹೆಂಡತಿ ಮಗಳ ಜೊತೆ ಹೇಗೆ ಎಂದು ಒಂದೊಂದಾಗಿ ಕೇಳಿದ. ಇನ್ನೇನು ಬೇಕು? ನಮ್ಮ ಕಡೆ ಗಂಡಿನವರು ಹೀಗೆಯೇ ಬರುವುದು. ಹೇಳದೆ ಕೇಳದೆ ಹೆಣ್ಣಿನ ಅಪ್ಪ ಕೆಲಸ ಮಾಡುವ ಜಾಗಕ್ಕೆ ಬಂದು, ಪಕ್ಕದವರನ್ನು ಕೇಳಿಕೊಂಡು ಹೋಗುತ್ತಾರೆ. ಇದರಲ್ಲೊಂದು ವಿಶೇಷ ಎಂದರೆ ಹುಡುಗನೇ ಬಂದಿದ್ದಾನೆ, ಈಗಿನ ಕಾಲದವರು.

ನನ್ನ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿತ್ತು. ನೀವೇನು ಹೇಳಿದಿರಿ ಎಂದು ಕೇಳಿದೆ.

“ಏನ್ ಯೋಳ್ತೀವಿ? ವಿಚಾರಿಸಕ್ಕೆ ಬಂದೋರ್ ಮುಂದೆ ಹೆಣ್ ಮಗೀನ ಮನೆ ಬಗ್ಗೆ ಯಾರಾದ್ರೂ ಕೆಟ್ಟದ್ ಆಡ್ತಾರಾ? ಬಂಗಾರದಂಥ ಮನುಷ್ಯ ಅಂದೆ. ಇಷ್ಟ್ ದಿನದಾಗೆ ಒಬ್ರ ಮ್ಯಾಲೆ ದನಿ ಎತ್ತಿದ್ದಿಲ್ಲ ಅಂದೆ. ಈ ಬಾಯಲ್ಲೇ ಅಂದೆ ಕಣವ್ವ.”

ಎಂದು ತಮ್ಮ ಬಾಯಿಗೆ ತಾವೇ ಮೆಲ್ಲಗೆ ಬಡಿದುಕೊಂಡು ನಕ್ಕರು. ಬಳೆ ಗಲಗಲ ಎಂದಿತು. ಹೆಡ್ ಗುಮಾಸ್ತರು ಅವರಿಗಿಂತ ಮುಂದೆ ಹೋಗಿದ್ದರಂತೆ. ಹುಡುಗ, ಇವರ ಮೇಜು ಯಾಕೆ ಗೋಡೆಗೆ ತಿರುಗಿದೆ ಎಂದು ಕೇಳಿದ್ದಕ್ಕೆ, ಕೆಲಸದಲ್ಲಿ ಅಷ್ಟು ಏಕಾಗ್ರತೆ ಎಂದರಂತೆ. ಇವತ್ತು ಯಾಕೆ ಬಂದಿಲ್ಲ ಎಂದದ್ದಕ್ಕೆ, ಮನೆದೇವರಿಗೆ ಹೋಗಿದ್ದಾರೆ ಎಂದರಂತೆ. ಸಿಹಿ ಕೊಡಿಸದೆ ಬಿಡುವುದಿಲ್ಲ ಎಂದು ಹೇಳಿ ಮೇಡಂ ಎದ್ದು ಹೋದರು. ನಾನು ನಗಬೇಕೋ ಅಳಬೇಕೋ ತಿಳಿಯದೆ, ಎದುರಿಗಿದ್ದ ಯಾರದೋ ಖಾತೆ ಬದಲಾವಣೆಯ ಅರ್ಜಿಯಲ್ಲಿ ಸರ್ವೆ ನಂಬರಿನ ಜಾಗಕ್ಕೆ ಊರಿನ ಹೆಸರು ಹೊಡೆದೆ.

ಮತ್ತೆ ಹಾಸನಕ್ಕೆ ಹೋದಾಗ ಡಾಕ್ಟರು ಹುಡುಗ ಬರೆದುಕೊಟ್ಟದ್ದನ್ನು ನಮ್ಮ ಮುಂದೆ ಓದಿದರು. ಮೃದು ಸ್ವಭಾವ. ಸಹೋದ್ಯೋಗಿಗಳ ಜೊತೆ ಉತ್ತಮ ಬಾಂಧವ್ಯ. ಎಲ್ಲರ ಕಷ್ಟಸುಖಕ್ಕೆ ಆಗುವವರು. ಯಾರ ಮೇಲೂ ದನಿ ಎತ್ತಿದವರಲ್ಲ. ನಾನು ತಡೆಯದೆ ನಡೆದದ್ದನ್ನೆಲ್ಲ ಹೇಳಿದೆ. ಮೂಲೆಯಲ್ಲಿ ನಿಂತಿದ್ದ ಆ ಹುಡುಗ ಕಿವಿಯವರೆಗೂ ಕೆಂಪಾದ. ಡಾಕ್ಟರು ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಅಪ್ಪ ಮಾತ್ರ ನಗಲಿಲ್ಲ.

“ಇನ್ನೊಂದ್ಸಲ ಓದಿ ಸಾ,” ಎಂದರು.

ಡಾಕ್ಟರು ಇನ್ನೊಮ್ಮೆ ಓದಿದರು. ಅಪ್ಪ ನೆಲ ನೋಡುತ್ತಾ ಕೇಳಿಸಿಕೊಂಡರು. ಈ ಮಾತನ್ನು ಯಾರು ಹೇಳಿದ್ದು ಎಂದು ಹುಡುಗನನ್ನು ಕೇಳಿದರು. ದನಿ ಎತ್ತಿದವರಲ್ಲ ಎನ್ನುವುದನ್ನು ಬಳೆ ತುಂಬ ತೊಟ್ಟಿದ್ದ ಮೇಡಂ ಹೇಳಿದ್ದು ಎಂದು ಅವನು ಹೇಳಿದ.

ಡಾಕ್ಟರ ತೀರ್ಮಾನಕ್ಕೆ ಆ ವರದಿಯೊಂದೇ ಕಾರಣವಲ್ಲ, ಅದನ್ನು ಸ್ಪಷ್ಟ ಮಾಡಬೇಕು. ಇನ್ನೊಬ್ಬರನ್ನು ಕಳಿಸಿ ನಿಜ ಬರೆಸಿಕೊಂಡು ಬಂದರೂ ಬೋರ್ಡು ಒಪ್ಪುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಕಷ್ಟ ಇರುವುದು ನಿಜ, ಅದಕ್ಕೆ ಮಾತ್ರೆ ಇದೆ, ತಿಂಗಳಿಗೊಮ್ಮೆ ಬಂದು ಮಾತಾಡಿ ಹೋಗಬಹುದು. ಆದರೆ ಕೆಲಸ ಬರುತ್ತದೆ, ಮಾಡುತ್ತಾರೆ, ಮಾಡಿದ್ದು ಸರಿ ಇರುತ್ತದೆ. ಕೂರುವ ಜಾಗ ಬದಲಾಗಬೇಕು ಅಷ್ಟೆ. ಒಂಟಿಯಾಗಿ ಕೂತು ಮಾಡುವ ಕೆಲಸ ಕೊಟ್ಟರೆ ಒಳ್ಳೆಯದು ಎಂದು ಬೇಕಾದರೆ ಬರೆದುಕೊಡುತ್ತೇನೆ ಎಂದರು. ಅಪ್ಪ ಬೇಡ ಎಂದು ತಲೆ ಆಡಿಸಿದರು. ಮಾತ್ರೆ ಮಾತ್ರ ತೆಗೆದುಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ಅವ್ವನಿಗೆ ನಿದ್ದೆ. ಅಪ್ಪ ಕಿಟಕಿಯ ಸರಳನ್ನು ಹಿಡಿಯುವುದು, ಬಿಡುವುದು, ಹಿಡಿಯುವುದು. ನನ್ನ ತಲೆಯಲ್ಲಿ ಆಗಲೇ ಮೇಲ್ಮನವಿ ಎಲ್ಲಿ ಹಾಕಬಹುದು ಎಂದು ಓಡುತ್ತಿತ್ತು. ಹೊಳೆ ಕಾಣಿಸುವ ಹೊತ್ತಿಗೆ ಅಪ್ಪ ಕೇಳಿದರು.

“ನಾಳಿಕೆ ಅವ್ರು ಸಂಬಂಧ ಏನಾಯ್ತು ಅಂತ ಕೇಳ್ತಾರೆ. ಏನ್ ಯೋಳ್ಲಿ ಮಗ?”

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ಮಾತಾಡದಿದ್ದವರೆಲ್ಲ ಈಗ ಮಾತಾಡುತ್ತಾರೆ. ಆಫೀಸಿನ ತುಂಬ ಒಂದೇ ಮಾತು, ಅದೂ ಅಪ್ಪನ ಕಡೆಗೆ. ಜಾತಕ ಕೂಡಿ ಬರಲಿಲ್ಲ ಎಂದುಬಿಡಿ ಅಪ್ಪ ಎಂದೆ. ಮುಗಿದುಹೋಗುತ್ತದೆ, ಎಲ್ಲರೂ ಹಾಗೇ ಹೇಳುವುದು. ಅಪ್ಪ ಮತ್ತೆ ಕಿಟಕಿಯ ಸರಳು ಹಿಡಿದುಕೊಂಡರು.

ಅಪ್ಪ ಹೇಳಿದ ಹಾಗೆಯೇ ಆಯಿತು. ಮಾರನೆಯ ದಿನ ಆಫೀಸಿಗೆ ಹೋದ ಅಪ್ಪನನ್ನು ಜವಾನನಿಂದ ಹಿಡಿದು ಎಲ್ಲರೂ ಸುತ್ತಿಕೊಂಡರು. ಹುಡುಗ ಏನು ಓದಿದ್ದಾನೆ, ಜಮೀನೆಷ್ಟು, ಒಬ್ಬನೇ ಮಗನಾ. ಅಪ್ಪ ಅವತ್ತು ತಪ್ಪಿಸಿಕೊಂಡು ಬಂದರು, ರಾತ್ರಿ ಊಟ ಬಿಟ್ಟರು. ಅದರ ಮಾರನೆಯ ದಿನವೂ ಹಾಗೇ. ಮೂರನೆಯ ಬೆಳಗ್ಗೆ ಅಂಗಿ ಬದಲಾಯಿಸುವುದು, ಬಚ್ಚಲಿಗೆ ಹೋಗುವುದು, ಎಲ್ಲ ಎಂದಿಗಿಂತ ಜಾಸ್ತಿ. ಚಪ್ಪಲಿ ಮೆಟ್ಟಿದ ಮೇಲೆ ತಿರುಗಿ ಅವ್ವನ ಮುಖ ನೋಡಿದರು. ರಾಜೀನಾಮೆ ಕೊಡಲು ಹೋಗುತ್ತಿದ್ದಾರೆ ಎಂದು ನನಗೆ ಖಾತರಿಯಾಯಿತು. ಅಂಗಡಿಯಲ್ಲಿ ಕೂತರೂ ಕಣ್ಣು ರಸ್ತೆಯ ಆಚೆಗೇ ಇತ್ತು.

ಅವತ್ತು ಆದದ್ದನ್ನೂ ಮೇಡಂ ಹೇಳಿದ್ದು. ಅಪ್ಪ ಇವತ್ತಿನವರೆಗೂ ಹೇಳಿಲ್ಲ.

ಹನ್ನೊಂದರ ಟೀ ಬಂದಾಗ ಅಪ್ಪ ಲೋಟ ಹಿಡಿದು ಹೊರಗೆ ಹೋಗಲಿಲ್ಲವಂತೆ. ಕುರ್ಚಿಯನ್ನು ತಿರುಗಿಸಿಕೊಂಡು ಎಲ್ಲರಿಗೂ ಮುಖ ಮಾಡಿ ಕೂತರಂತೆ. ಲೋಟ ಪಕ್ಕಕ್ಕಿಟ್ಟು ಹೇಳಿದರಂತೆ.

“ಅವ್ನು ಗಂಡಲ್ಲ. ಆಸ್ಪತ್ರೆಯೋನು. ನಿಮ್ ಜೊತೆ ಕೆಲ್ಸ ಮಾಡಕ್ ಆಯ್ತಿಲ್ಲ, ಪಿಂಚಣಿ ಕೊಟ್ಟು ಕಳ್ಸಿ ಅಂತ ನಾನೇ ಕೇಳ್ಕಂಡಿದ್ದೆ. ನೀವು ನನ್ ಮಗಳ್ಗೋಸ್ಕರ ಒಳ್ಳೇದ್ ಯೋಳಿದ್ರಿ. ಅದ್ಕೆ ಸಿಕ್ಕಿಲ್ಲ.”

ಇಷ್ಟು ಹೇಳಿ ಮೇಡಂ ಕಡೆ ತಿರುಗಿ, ಅವತ್ತು ಬಳೆ ವಿಚಾರದಲ್ಲಿ ತಪ್ಪಾಯಿತು ಎಂದರಂತೆ. ಎಲ್ಲರ ಲೋಟದಲ್ಲಿ ಟೀ ಆರಿತು. ಕೊನೆಗೆ ಹೆಡ್ ಗುಮಾಸ್ತರು ನಶ್ಯದ ಕರವಸ್ತ್ರ ಕೊಡವಿದರು.

“ಅಲ್ಲ ಸ್ವಾಮಿ, ಒಂದು ಮಾತು ಮೊದಲೇ ಹೇಳೋದಲ್ವೇ? ಚೆನ್ನಾಗಿ ಬೈದು ಕಳಿಸ್ತಿದ್ದೆವು. ನಮಗೇನು ವಿಷಯ ಕಡಿಮೆ ಇತ್ತೇ?”

ಎಲ್ಲರೂ ನಕ್ಕರಂತೆ. ಅಪ್ಪ ನಕ್ಕರಾ ಎಂದು ನಾನು ಕೇಳಿದೆ. ಮೇಡಂ ಸ್ವಲ್ಪ ಯೋಚಿಸಿದರು. ನಕ್ಕಂಗಿತ್ತು ಕಣವ್ವ, ಸರ್ಯಾಗಿ ನೋಡ್ಲಿಲ್ಲ, ನನ್ ಕಣ್ಣಲ್ಲೇ ನೀರಿತ್ತು ಎಂದರು. ನಗುವಿನ ಮಧ್ಯೆಯೇ ಅಪ್ಪ ಎದ್ದು ಹೊರಗೆ ಹೋದವರು ಸಂಜೆಯವರೆಗೆ ಬರಲಿಲ್ಲ. ಸೇತುವೆಯ ಮೇಲೆ ನಿಂತಿದ್ದರು ಎಂದು ಆಮೇಲೆ ಗೊತ್ತಾಯಿತು. ರಾಜೀನಾಮೆ ಕೊಟ್ಟಿರಲಿಲ್ಲ.

ಮಾರನೆಯ ದಿನ ಅವರು ಹೋಗುವಷ್ಟರಲ್ಲಿ ಅವರ ಮೇಜು ಇದ್ದ ಜಾಗದಲ್ಲಿರಲಿಲ್ಲ. ಹಿಂದುಗಡೆ ಹಳೇ ಕಡತ ಇಡುವ ಕೋಣೆಯಲ್ಲಿ ಕಿಟಕಿ ಹತ್ತಿರ ಹಾಕಿದ್ದರು. ಹೆಡ್ ಗುಮಾಸ್ತರೇ ಸಾಹೇಬರ ಹತ್ತಿರ ಮಾತಾಡಿ, ಜವಾನನ ಜೊತೆ ಸೇರಿ ಹೊತ್ತುಹಾಕಿಸಿದ್ದರು. ಮೇಜು ಗೋಡೆಗೆ ಮುಖ ಮಾಡಿತ್ತು, ಆಫೀಸಿನವರೇ ಹಾಗೆ ಇಟ್ಟಿದ್ದರು. ಇನ್ ನನ್ ಬಳೆ ಸದ್ದು ಕೇಳಾಕಿಲ್ಲ ಬುಡಿ ಎಂದು ಮೇಡಂ ಬಾಗಿಲಲ್ಲಿ ನಿಂತು ಹೇಳಿದರಂತೆ.

ಇದು ಒಳ್ಳೆಯದಕ್ಕೆ ಮಾಡಿದ್ದೋ, ಪೀಡೆ ಆಚೆಗಿರಲಿ ಎಂದು ಮಾಡಿದ್ದೋ ನನಗೆ ಇನ್ನೂ ಗೊತ್ತಿಲ್ಲ. ಅಪ್ಪನಿಗೂ ಗೊತ್ತಾಗಲಿಲ್ಲ. ಕೆಲವು ದಿನ ಒಂದು ಅನ್ನಿಸುತ್ತಿತ್ತು, ಕೆಲವು ದಿನ ಇನ್ನೊಂದು. ಅದನ್ನೇ ಯೋಚಿಸುತ್ತಾ ಜಗುಲಿ ಸುತ್ತುತ್ತಿದ್ದರು. ಮಾತ್ರೆ ಒಂದಷ್ಟು ದಿನ ತೆಗೆದುಕೊಂಡರು, ಬಿಟ್ಟರು, ಮತ್ತೆ ಶುರು ಮಾಡಿದರು. ಹೊಟ್ಟೆ ತೊಳಸುವುದು ಪೂರ್ತಿ ಹೋಗಲಿಲ್ಲ. ಆದರೆ ಆ ಧೂಳಿನ ಕೋಣೆಯಲ್ಲಿ ಕೂತೇ ಸ್ವಯಂ ನಿವೃತ್ತಿಗೆ ಬೇಕಾದ ಸರ್ವೀಸು ಮುಗಿಸಿದರು. ಮುಗಿದ ದಿನವೇ ಅರ್ಜಿ ಕೊಟ್ಟರು. ಅದನ್ನು ನಾನೇ ಟೈಪ್ ಮಾಡಿದ್ದು. ಬೀಳ್ಕೊಡುಗೆ ಬೇಡ ಎಂದಿದ್ದರು, ಅವರು ಮಾಡಲಿಲ್ಲ. ಟೀ ಮಾತ್ರ ಅವತ್ತು ಕಡತದ ಕೋಣೆಗೆ ಎಲ್ಲರದೂ ಬಂತಂತೆ, ಅಪ್ಪ ಅಲ್ಲೇ ಎಲ್ಲರ ಜೊತೆ ಕುಡಿದರಂತೆ. ಇದೂ ಮೇಡಂ ಹೇಳಿದ್ದೇ, ಎಷ್ಟು ನಂಬಬೇಕೋ ನೀವೇ ನೋಡಿಕೊಳ್ಳಿ. ಒಳ್ಳೆಯ ಮಾತು ಹೇಳುವುದರಲ್ಲಿ ಅವರು ಎತ್ತಿದ ಕೈ.

ಆ ಹುಡುಗ ಏನಾದ ಎಂದು ಕೇಳಬೇಡಿ. ಟ್ರೈನಿಂಗ್ ಮುಗಿಸಿ ಹೋದ, ಅಷ್ಟೆ.

ಈಗಲೂ ನಮ್ಮ ಅಂಗಡಿಗೆ ಇದೇ ಪ್ರಶ್ನೆ ಹಿಡಿದು ಯಾರಾದರೂ ಬರುತ್ತಾರೆ. ಮಗನದು, ಗಂಡನದು, ಒಮ್ಮೆ ಒಬ್ಬ ಮೇಷ್ಟರು ತಮ್ಮದೇ. ಬರಿ ಜನರ ಜೊತೆ ಆಗುವುದಿಲ್ಲ ಎಂದರೆ ಸಿಗುವುದಿಲ್ಲ ಎನ್ನುತ್ತೇನೆ. ಅದರ ಹಿಂದೆ ಕಾಯಿಲೆ ಇದೆಯಾ ಎಂದು ಮೊದಲು ಡಾಕ್ಟರಿಗೆ ತೋರಿಸಿ, ಬಹಳ ದಿನದ ಚಿಕಿತ್ಸೆಯ ಕಾಗದ ಇಟ್ಟುಕೊಳ್ಳಿ, ಅದಕ್ಕೂ ಮುಂಚೆ ಕೂರುವ ಜಾಗ ಬದಲಾಯಿಸಲು ಕೇಳಿ ನೋಡಿ ಎನ್ನುತ್ತೇನೆ. ವಿಚಾರಿಸಲು ಯಾರಾದರೂ ಬರುತ್ತಾರೆ, ಅವರು ಯಾರೆಂದು ಆಫೀಸಿನವರಿಗೆ ಮೊದಲೇ ಹೇಳಿಡಿ ಎಂದು ಸೇರಿಸಲು ಬಾಯಿ ತುದಿಗೆ ಬರುತ್ತದೆ, ಆಮೇಲೆ ಬೇಡ ಎನಿಸುತ್ತದೆ. ಅವತ್ತು ಅವರು ನಿಜ ಹೇಳಿದ್ದರೆ ಅಪ್ಪ ಆ ವರದಿಯನ್ನು ಇನ್ನೊಮ್ಮೆ ಓದಿ ಎನ್ನುತ್ತಿದ್ದರಾ?

ನನಗೆ ಗೊತ್ತಿರುವುದು ನಮ್ಮಪ್ಪನೊಬ್ಬರ ಕಥೆ. ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಗೋಡೆಗೆ ಮುಖ ಮಾಡಿ ಕೂತವರು ಇದ್ದರೆ, ಅವರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ, ಬೋರ್ಡಿನವರು ಏನೆಂದರು ಎಂದು ನನಗೆ ಬರೆದು ತಿಳಿಸಿ. ಪಕ್ಕದ ಮೇಜಿನಲ್ಲಿ ಕೂತಿದ್ದವರು ನೀವೇ ಆಗಿದ್ದರೆ ಅದನ್ನಂತೂ ಖಂಡಿತ ಬರೆಯಿರಿ. ವಿಚಾರಿಸಲು ಬಂದವರಿಗೆ ನೀವು ಏನು ಹೇಳಿದಿರಿ?